ಬಾಯಿಂದ ಊದಿದ ಗಾಳಿ

ದೆವ್ವ ಭೂತ ಅನ್ನುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಹಾಗಾಗಿ ನಡೆದದ್ದನ್ನಷ್ಟೇ ಹೇಳುತ್ತೇನೆ. ನನ್ನ ಹೆಂಡತಿಯ ತಮ್ಮ, ಅರೆಬೆಂದ ಪಂಡಿತ, ಕಂಪ್ಯೂಟರನ್ನು ನೀರಿನಿಂದ ತಂಪಾಗಿಸುವ ಶೋಕಿಗೆ ಬಿದ್ದು ಅದನ್ನು ನನ್ನ ರಿಪೇರಿ ಅಂಗಡಿಗೆ ಹೊತ್ತು ತಂದ. ನೀರು ತುಂಬುವ ಮೊದಲು ಎಲ್ಲಾದರೂ ಸೋರುತ್ತದೋ ನೋಡುತ್ತೇನೆಂದು ಕೊಳವೆಗೆ ಬಾಯಿಟ್ಟು ಊದಿದ.

“ಏನೋ ಅದು, ಬಲೂನಾ?” ಎಂದೆ.

“ಸುಮ್ನಿರಿ ಭಾವ, ನಂಗೆಲ್ಲಾ ಗೊತ್ತು.”

ಅವನು ಊರಿಗೆ ಹೋದ ಮೇಲೆ ನಾನೇ ಅದರ ಪುಟ್ಟ ತೊಟ್ಟಿಗೆ ನೀರು ತುಂಬಿ, ಪಂಪು ಓಡಿಸಿ, ಪೆಟ್ಟಿಗೆಯನ್ನು ಆಚೀಚೆ ವಾಲಿಸಿದೆ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಬಂದಷ್ಟೂ ತೊಟ್ಟಿಯ ನೀರು ಇಳಿಯಬೇಕು. ಗುಳ್ಳೆಗಳು ಬರುತ್ತಲೇ ಇದ್ದವು. ನೀರು ಕೂದಲೆಳೆಯಷ್ಟೂ ಇಳಿಯಲಿಲ್ಲ. ಪಂಪಿನ ವಯರು ಕಿತ್ತೆ. ಆಗಲೂ ಬಂದವು, ನಿದ್ದೆ ಹೋದವನ ಉಸಿರಿನಂತೆ, ಬಿಟ್ಟು ಬಿಟ್ಟು. ಕೊಳವೆ ಬೆಚ್ಚಗಿತ್ತು.

ಬೈಯೋಣವೆಂದು ಫೋನ್ ಮಾಡಿದೆ. “ಹೇಳಿ ಭಾವ” ಎನ್ನುತ್ತಲೇ ಕೆಮ್ಮಿದ. ತೊಟ್ಟಿಯಲ್ಲಿ ಗುಳ್ಳೆಗಳು ಬುಳಬುಳನೆ ಎದ್ದವು. ಮತ್ತೆ ಕೆಮ್ಮಿದ, ಮತ್ತೆ ಎದ್ದವು.

“ಗಾಳಿ ಪೂರ್ತಿ ಹೋಯ್ತಾ?”

“ಇಲ್ಲ ಕಣೋ ದಡ್ಡ,” ಎಂದು ಫೋನಿಟ್ಟೆ.

ಇವತ್ತು ಅಂಗಡಿ ತೆರೆದಾಗ ಗುಳ್ಳೆಗಳು ನಿಂತಿದ್ದವು. ನೀರು ಒಂದು ಬೆರಳು ಇಳಿದಿತ್ತು. ಕೊಳವೆ ತಣ್ಣಗಿತ್ತು. ಕೆಲಸ ಮುಗಿಯಿತೆಂದು ಆ ದಡ್ಡನಿಗೆ ಹೇಳಬೇಕು. ಬೆಳಿಗ್ಗೆಯಿಂದ ಫೋನ್ ಕೈಯಲ್ಲೇ ಹಿಡಿದು ಕೂತಿದ್ದೇನೆ.