ಆರನೆಯ ಮುಖವಾಡ

ಅರಸ ಸುಧರ್ಮನು ಪಟ್ಟವೇರಿದ ವರ್ಷದ ಕಾರ್ತಿಕ ಮಾಸದಲ್ಲಿ ಇದು ನಡೆಯಿತು.

ಮಣಿಕುಂತಳವೆಂಬ ಆ ರಾಜ್ಯದಲ್ಲಿ ಬಹುಕಾಲದಿಂದ ಒಂದು ಪದ್ಧತಿಯಿತ್ತು. ಸಂಜೆ ಅರಮನೆಯ ಚಾವಡಿಯಲ್ಲಿ ಬಕುಳೆಯೆಂಬ ಕತೆಗಾರ್ತಿ ಕತೆ ಹೇಳುತ್ತಿದ್ದಳು. ಕತೆ ಮುಗಿದ ಮೇಲೆ ಹೇಳಿದವಳೂ ಕೇಳಿದವರೆಲ್ಲರೂ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಿತ್ತು: ಈ ಕತೆಯಲ್ಲಿ ನಿನ್ನಂಥವರು ಯಾರು?

ಉತ್ತರವನ್ನು ಬಾಯಿಂದ ಹೇಳುತ್ತಿರಲಿಲ್ಲ. ಗೋಡೆಯ ಮೇಲೆ ಮರದ ಮುಖವಾಡಗಳು ತೂಗುತ್ತಿದ್ದವು. ಧೀರ, ಅಂಜುಬುರುಕ, ಮುಂಗೋಪಿ, ಸಂಶಯಿ, ವಿದೂಷಕ, ಕ್ರೂರಿ. ಒಬ್ಬೊಬ್ಬರೂ ತಮಗೆ ಒಪ್ಪುವ ಮುಖವನ್ನು ಧರಿಸಿ ಕುಳಿತುಕೊಳ್ಳುತ್ತಿದ್ದರು. ಕತೆಯ ನಾಯಕನು ತಮ್ಮನನ್ನು ಬೈದದ್ದೇಕೆಂದು ಮುಂಗೋಪಿಗಳನ್ನೇ ಕೇಳುತ್ತಿದ್ದರು. ಅವನು ಹೊರಡದೆ ಉಳಿದದ್ದೇಕೆಂದು ಅಂಜುಬುರುಕರನ್ನೇ ಕೇಳುತ್ತಿದ್ದರು. ಹೀಗೆ ಕತೆಯೂ ತಿಳಿಯುತ್ತಿತ್ತು, ತಮ್ಮ ಮನಸ್ಸೂ ಸ್ವಲ್ಪ ತಿಳಿಯುತ್ತಿತ್ತು. ಬಳಿಕ ಮುಖವಾಡ ಕಳಚಿಟ್ಟು ಮನೆಗೆ ಹೋಗುತ್ತಿದ್ದರು.

ಕ್ರೂರಿಯ ಮುಖವಾಡ ಒಂದೇ ಇತ್ತು. ಅದನ್ನು ಯಾರೂ ಎತ್ತಿದ್ದಿಲ್ಲ.

ಒಂದು ಸಂಜೆ ಕಾಡಿನಿಂದ ಅರಗು ಮಾರುವವನೊಬ್ಬನು ಬಂದು ಚಾವಡಿಯ ಮೂಲೆಯಲ್ಲಿ ಕುಳಿತು ಕತೆ ಕೇಳಿದನು. ಅವನ ಹುಬ್ಬು ದಟ್ಟವಾಗಿತ್ತು, ತುಟಿ ಸೀಳಿತ್ತು. ಕತೆ ಮುಗಿಯಿತು. ಅವನು ಗೋಡೆಯತ್ತ ಕೈ ಚಾಚುವ ಮೊದಲೇ ಯಾರೋ ಕ್ರೂರಿಯ ಮುಖವಾಡವನ್ನು ತಂದು ಅವನ ತೊಡೆಯ ಮೇಲಿಟ್ಟರು.

"ಹುಡುಕುವ ಕಷ್ಟವೇಕೆ ಮಾರಾಯ? ನಿನ್ನ ಅಳತೆಗೇ ಕೆತ್ತಿದಂತಿದೆ."

ಸಭೆ ನಕ್ಕಿತು. ಅವನ ಹೆಸರನ್ನು ಯಾರೂ ಕೇಳಲಿಲ್ಲ. ಅವನು ಆ ಮುಖವಾಡವನ್ನು ಹಾಕಿಕೊಂಡೇ ಎದ್ದು ಹೋದನು.

ಮರಳಿ ಬಂದಾಗ ಅವನು ಮಾಯಾವಿಯಾಗಿದ್ದನು. ಜನರು ಅವನನ್ನು ಕರಾಳನೆಂದು ಕರೆದರು. ಅವನು ಯಾರೂ ಇಲ್ಲದ ಹೊತ್ತಿನಲ್ಲಿ ಎಲ್ಲ ಮುಖವಾಡಗಳ ಒಳಬದಿಗೆ ಮಂತ್ರಿಸಿದ ಅರಗನ್ನು ಹಚ್ಚಿದನು. ಅಂದಿನ ಸಂಜೆ ಧರಿಸಿದ ಮುಖಗಳು ಕಳಚಲಿಲ್ಲ. ಧರಿಸಿದವರು ಆ ಮುಖದಂತೆಯೇ ಆದರು. ಅರಸನು ವಿದೂಷಕನ ಮುಖವನ್ನು ಎತ್ತಿಕೊಂಡಿದ್ದನು. ಮಗಳು ಜ್ವರದಲ್ಲಿ ನರಳುತ್ತಿದ್ದರೂ ಬದಿಯಲ್ಲಿ ಕುಳಿತು ನಗುತ್ತಿದ್ದನು. ಮೂವರನ್ನು ಕರಾಳನು ಮೃಗಪಕ್ಷಿಗಳನ್ನಾಗಿ ಮಾಡಿ ತನ್ನ ಬೆಟ್ಟದ ದಾರಿಗೆ ಕಾವಲಿಟ್ಟನು.

ಮುಖವಾಡ ಕೆತ್ತುವವನಿಗೆ ಇಬ್ಬರು ಮಕ್ಕಳು. ಮಗ ರೇವಂತ ಧೀರನ ಮುಖ ಧರಿಸಿದ್ದನು. ಮಗಳು ಮೇದಿನಿ ಅಂಜುಬುರುಕಿಯ ಮುಖ ಧರಿಸಿದ್ದಳು.

ಕರಾಳನು ಸಾರಿದನು: "ಬೆಟ್ಟದ ಮೇಲೆ ಅಗ್ನಿಕೂಪವಿದೆ. ಅದರ ತಳದಲ್ಲಿ ನೀಲಮಣಿಯಿದೆ. ಅದು ನನ್ನ ಕೈಸೇರಿದರೆ ಈ ಅರಗು ಎಂದಿಗೂ ಕರಗದು. ಹುಣ್ಣಿಮೆಯ ಬೆಳಿಗ್ಗೆಯಿಂದ ದಿನಕ್ಕೊಬ್ಬ ಧೀರನು ಅದರೊಳಗೆ ಧುಮುಕಲಿ. ಮೊದಲು ರೇವಂತ."

"ಹೋಗಬೇಡ ಅಣ್ಣ, ಸುಟ್ಟುಹೋಗುತ್ತೀ," ಎಂದಳು ಮೇದಿನಿ.

"ಧೀರನು ಒಲ್ಲೆ ಎನ್ನುವುದಿಲ್ಲ," ಎಂದು ಅವನು ಹೊರಟುಹೋದನು. ಆ ಧ್ವನಿ ಅವನದಾಗಿರಲಿಲ್ಲ.

ಮುಖವಾಡವು ಮೇದಿನಿಗೆ ಬಾಗಿಲು ಹಾಕಿಕೋ ಎಂದಿತು. ಆದರೆ ಅಣ್ಣನನ್ನು ಕಳೆದುಕೊಳ್ಳುವ ಭಯ ಅದಕ್ಕಿಂತ ದೊಡ್ಡದಾಗಿತ್ತು. ಅವಳು ನಡುಗುತ್ತಲೇ ಬೆಟ್ಟದ ದಾರಿ ಹಿಡಿದಳು.

ಮೊದಲ ತಿರುವಿನಲ್ಲಿ ಮುಂಗೋಪಿಯ ಮುಖ ತೊಟ್ಟ ಹುಲಿಯೊಂದು ದಾರಿಗೆ ಅಡ್ಡವಾಗಿ ನಿಂತಿತ್ತು. ಹಿಂದೆ ಅದು ಸೇನಾಪತಿ ಭೀಮರಥನಾಗಿತ್ತು.

"ಯಾರದು? ಹೇಳದೆ ಕೇಳದೆ ಬರುವುದೇ? ಈ ನಾಡಿನಲ್ಲಿ ಮರ್ಯಾದೆಯೆಂಬುದು ಉಳಿದಿದೆಯೇ?"

ಮೇದಿನಿ ತಾನು ಕೇಳಿದ ಕತೆಗಳನ್ನು ನೆನೆದಳು. ಅವುಗಳಲ್ಲಿ ಮುಂಗೋಪಿಯನ್ನು ಯಾರಾದರೂ ನಡುವೆ ತಡೆದಾಗಲೇ ಅನಾಹುತವಾಗುತ್ತಿತ್ತು. ಅವಳು ಕಲ್ಲೊಂದರ ಮೇಲೆ ಕುಳಿತು, "ಆಮೇಲೆ?" ಎಂದಳು. ಹುಲಿ ಬೈಯಿತು. ಅವಳು "ಆಮೇಲೆ?" ಎಂದಳು. ಬಿಸಿಲು ಇಳಿಯುವ ಹೊತ್ತಿಗೆ ಬೈಗುಳ ಮುಗಿದವು.

"ಇಷ್ಟು ದಿನ ಯಾರೂ ಪೂರ್ತಿ ಕೇಳಿರಲಿಲ್ಲ," ಎಂದಿತು ಹುಲಿ. ಅದು ದಾರಿ ಬಿಟ್ಟು ಅವಳೊಡನೆ ನಡೆಯಿತು.

ಎರಡನೆಯ ತಿರುವಿನಲ್ಲಿ ಸಂಶಯಿಯ ಮುಖದ ಮುಂಗುಸಿ ಇತ್ತು. ಹಿಂದೆ ಅದು ಕೋಶಾಧಿಕಾರಿ ಶಂಖಪಾಲನಾಗಿತ್ತು.

"ನನ್ನನ್ನು ಹೊಗಳಲು ಬಂದೆಯಾ? ಬೆಲ್ಲ ತಂದೆಯಾ? ಯಾವುದೂ ಬೇಡ. ನಿನ್ನ ಮನಸ್ಸಿನಲ್ಲಿ ಏನಿದೆ?"

ಸಂಶಯಿಗೆ ಸವಿಮಾತು ಸೇರದೆಂದು ಮೇದಿನಿಗೆ ಕತೆಗಳೇ ಕಲಿಸಿದ್ದವು. "ಭಯವಿದೆ," ಎಂದಳು. "ನಿನ್ನ ಹಲ್ಲು ಕಂಡರೆ ಭಯ. ಅಣ್ಣ ಸಾಯುತ್ತಾನೆಂಬ ಭಯ. ಬೇರೇನೂ ಇಲ್ಲ."

"ನಂಬುವುದಿಲ್ಲ. ಜೊತೆಗೇ ಬಂದು ಪರೀಕ್ಷಿಸುತ್ತೇನೆ," ಎಂದು ಮುಂಗುಸಿ ಅವಳ ಹೆಗಲೇರಿತು.

ಮೇದಿನಿಗೆ ತನ್ನ ತಿಳಿವಳಿಕೆಯ ಮೇಲೆ ವಿಶ್ವಾಸ ಹುಟ್ಟಿತು.

ಮೂರನೆಯ ತಿರುವಿನಲ್ಲಿ, ತೂಗುಸೇತುವೆಯ ಮೇಲೆ, ವಿದೂಷಕನ ಮುಖದ ಬೆಳ್ಳಕ್ಕಿಯೊಂದು ಕಿಲಕಿಲನೆ ನಗುತ್ತಿತ್ತು. ವಿದೂಷಕನಿಗೆ ನಗುವವರು ಬೇಕು, ಇದು ಸುಲಭ ಎಂದುಕೊಂಡು ಮೇದಿನಿಯೂ ನಕ್ಕಳು. ಸೇತುವೆಯ ಹಲಗೆಯೊಂದು ಕಳಚಿ ಪ್ರಪಾತಕ್ಕೆ ಬಿದ್ದಿತು. ಇನ್ನೂ ಜೋರಾಗಿ ನಕ್ಕಳು. ಇನ್ನೊಂದು ಹಲಗೆ ಬಿದ್ದಿತು.

"ನೋಡುವುದಕ್ಕೆ ಮೊದಲೇ ನಾನು ಯಾರೆಂದು ತೀರ್ಮಾನಿಸಿಬಿಟ್ಟೆಯಲ್ಲ ಮಗು," ಎಂದಿತು ಬೆಳ್ಳಕ್ಕಿ, ನಗುತ್ತಲೇ.

ಮೇದಿನಿ ಬಾಯಿ ಮುಚ್ಚಿ ನೋಡಿದಳು. ಮುಖವಾಡದ ಕೆಳಗೆ ಹಕ್ಕಿಯ ಕತ್ತಿನ ಗರಿಗಳು ಒದ್ದೆಯಾಗಿದ್ದವು.

"ತಪ್ಪಾಯಿತು. ನಿಮ್ಮ ಹೆಸರೇನು?"

"ಬಕುಳೆ. ನನ್ನ ಕತೆಗಳನ್ನು ಕೇಳಿಯೇ ನೀನು ಬೆಳೆದವಳು. ಮುಖವಾಡ ನಮ್ಮಲ್ಲಿ ಒಂದು ಪಾಲನ್ನು ತೋರಿಸುತ್ತದೆ, ಅಷ್ಟೇ. ಉಳಿದದ್ದನ್ನು ನೋಡಿದವರು ಹೇಳಬೇಕು. ಈ ಅರಗು ಸಹಿಸದಿರುವುದೂ ಅದನ್ನೇ. ಆ ಮುಖಕ್ಕೆ ಒಪ್ಪದ ಒಂದು ನಡತೆಯನ್ನು ಕಣ್ಣಾರೆ ಕಂಡವರು ಎದುರಿಗೆ ನಿಂತು ನುಡಿದರೆ ಅದು ಬಿರಿಯುತ್ತದೆ. ಮೊದಲು ಅಣ್ಣನನ್ನು ಉಳಿಸು. ನಡೆ, ಹೊತ್ತಾಗುತ್ತಿದೆ."

ಸೇತುವೆ ಅಲುಗಾಡದೆ ನಿಂತಿತು. ಅವರು ದಾಟಿದರು.

ಹುಣ್ಣಿಮೆಯ ಬೆಳಿಗ್ಗೆ ರೇವಂತನು ಅಗ್ನಿಕೂಪದ ಅಂಚಿನಲ್ಲಿ ನಿಂತಿದ್ದನು. ಪಕ್ಕದಲ್ಲಿ ಕ್ರೂರಿಯ ಮುಖದ ಕರಾಳನಿದ್ದನು.

"ಅಣ್ಣ!" ಮೇದಿನಿ ಕೂಗಿದಳು. "ಗುಡುಗು ಬಂದಾಗಲೆಲ್ಲ ನೀನು ಭತ್ತದ ಕಣಜದಲ್ಲಿ ಅವಿತು ಕೂರುತ್ತಿದ್ದೆ. ನಾನು ಕಂಡಿದ್ದೇನೆ."

ರೇವಂತನ ಕಾಲು ತಡೆಯಿತು. "ಲೇ, ಸುಮ್ಮನಿರೇ! ಯಾರಿಗೂ ಹೇಳುವುದಿಲ್ಲವೆಂದು ಆಣೆ ಇಟ್ಟಿದ್ದೆಯಲ್ಲ!"

"ಇಟ್ಟಿದ್ದೆ. ಈಗ ಮುರಿಯುತ್ತಿದ್ದೇನೆ. ಹೋದ ವರ್ಷವೂ ಅವಿತಿದ್ದೆ."

ಧೀರನ ಮುಖವು ಇಬ್ಭಾಗವಾಗಿ ಕೂಪಕ್ಕೆ ಬಿದ್ದು ಉರಿದುಹೋಯಿತು. ಒಳಗಿನಿಂದ ರೇವಂತನ ಬೆವೆತ ಮುಖ ಕಂಡಿತು. ಅವನು ಹಿಂದಕ್ಕೆ ಸರಿದು ತಂಗಿಯನ್ನು ದಿಟ್ಟಿಸಿದನು.

"ಇವಳು ಕರಾಳನ ಎದುರಿಗೇ ನಿಂತು ನನ್ನನ್ನು ತಡೆದಳು. ನಾನು ಕಂಡೆ," ಎಂದನು.

ಅಂಜುಬುರುಕಿಯ ಮುಖವೂ ಬಿದ್ದಿತು. ಮೇದಿನಿಯ ಭಯ ಮಾತ್ರ ಹೋಗಲಿಲ್ಲ. ಅಂಜುತ್ತಲೇ ಅವಳು ಜೊತೆಗಾರರನ್ನು ತೋರಿಸಿದಳು. ತನ್ನ ನಡಿಗೆಗೆ ಸರಿಯಾಗಿ ಹುಲಿಯು ದಾರಿಯುದ್ದಕ್ಕೂ ನಿಧಾನವಾಗಿ ನಡೆಯಿತೆಂದಳು. ಮುಂಗುಸಿಯು ತನ್ನ ಹೆಗಲ ಮೇಲೆ ಕಣ್ಣು ಮುಚ್ಚಿ ನಿದ್ರಿಸಿತೆಂದಳು. ಬೆಳ್ಳಕ್ಕಿಯು ಅತ್ತಿತೆಂದಳು. ಮೂವರೂ ಮನುಷ್ಯರಾಗಿ ನಿಂತರು.

ಭೀಮರಥನು ಕತ್ತಿಗಾಗಿ ಸೊಂಟ ತಡವಿದನು. ಕರಾಳನು ನಕ್ಕನು. "ನನ್ನ ಪರವಾಗಿ ನುಡಿಯುವವರು ಈ ಲೋಕದಲ್ಲಿಲ್ಲ. ಈ ಮುಖಕ್ಕೆ ಸಾವಿಲ್ಲ."

ಬಕುಳೆ ಸೇನಾಪತಿಯನ್ನು ತಡೆದು ಮುಂದೆ ಬಂದಳು.

"ಕತೆ ಹೇಳುವವಳಿಗೆ ಸಭೆಯ ಎಲ್ಲ ಮುಖಗಳೂ ಕಾಣುತ್ತವಪ್ಪ. ಅಂದು ನಾನು ರಾಕ್ಷಸನ ಸಾವನ್ನು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂಲೆಯಲ್ಲಿ ಒಬ್ಬನು ಮಾತ್ರ ಅವನಿಗಾಗಿ ಕಣ್ಣೊರೆಸಿಕೊಂಡನು. ನಾನು ಅದನ್ನು ಹೇಳುವಷ್ಟರಲ್ಲಿ ಅವನು ಎದ್ದು ಹೋಗಿದ್ದನು. ನಿನ್ನ ಹೆಸರೇನು?"

ಕರಾಳನು ಮುಖವಾಡದ ಅಂಚನ್ನು ಎರಡೂ ಕೈಗಳಿಂದ ಹಿಡಿದನು.

"ಮಂದಾರ," ಎಂದಿತು ಆ ಮುಖದ ಒಳಗಿನಿಂದ ಒಂದು ಧ್ವನಿ. ಆರನೆಯ ಮುಖವಾಡವು ಬಿರಿದು ಪುಡಿಯಾಯಿತು. ಮಾಯೆ ಹರಿಯಿತು. ಅಗ್ನಿಕೂಪ ತಣ್ಣಗಾಯಿತು. ಊರಿನಲ್ಲಿ ಎಲ್ಲರ ಮುಖವಾಡಗಳೂ ಕಳಚಿಬಿದ್ದವು. ದೂರದ ಅರಮನೆಯಲ್ಲಿ ಅರಸನದೂ ಬಿದ್ದು, ಅವನು ಮಗಳ ಹಣೆಯ ಮೇಲೆ ಕೈಯಿಟ್ಟು ಅತ್ತನು. ಮಗಳು ಗುಣಮುಖಳಾದಳು.

ಮಂದಾರನಿಗೆ ಕ್ಷಮೆ ದೊರೆಯಿತು, ಕೆಲಸವೂ ದೊರೆಯಿತು: ಉಳಿದ ಮುಖವಾಡಗಳ ಅರಗನ್ನೆಲ್ಲ ಅವನೇ ಕೆರೆದು ತೆಗೆಯಬೇಕಾಯಿತು. ಅವನ ತೊಡೆಯ ಮೇಲೆ ಮುಖವಾಡವಿಟ್ಟವನು ಪಕ್ಕದಲ್ಲಿ ಕುಳಿತು ಕೆರೆಯಬೇಕೆಂದು ಅರಸನು ವಿಧಿಸಿದನು.

ಕತೆಯ ಪದ್ಧತಿ ನಿಲ್ಲಲಿಲ್ಲ. ಈಗಲೂ ಒಬ್ಬೊಬ್ಬರೂ ತಮ್ಮಂಥವರನ್ನು ಕತೆಯಲ್ಲಿ ಹುಡುಕಿ ಮುಖ ಧರಿಸುತ್ತಾರೆ. ಆದರೆ ಕಳಚುವ ಮೊದಲು, ಆ ಮುಖಕ್ಕೆ ಒಪ್ಪದ ಒಂದು ನಡತೆಯನ್ನು ಪಕ್ಕದವರು ಹೇಳಬೇಕು. ರೇವಂತನ ಕಣಜದ ವಿಷಯ ಅಲ್ಲಿ ಎಲ್ಲರಿಗೂ ಬಾಯಿಪಾಠವಾಯಿತು. ಅವನಿಗೆ ಅದರಿಂದ ಮುಜುಗರವಾಯಿತೇ ಹೊರತು ಕೇಡಾಗಲಿಲ್ಲ. ಆ ನಾಡಿನವರು ಬಹುಕಾಲ ನೆಮ್ಮದಿಯಿಂದ ಬಾಳಿದರು.

ಹುಣ್ಣಿಮೆಯ ಆ ಬೆಳಿಗ್ಗೆ ಅಗ್ನಿಕೂಪದ ಬಳಿ ಇದ್ದು ಕಣ್ಣಾರೆ ಕಂಡವರು: ಮೇದಿನಿ, ರೇವಂತ, ಭೀಮರಥ, ಶಂಖಪಾಲ, ಬಕುಳೆ, ಮಂದಾರ.