ಕೆಂಪು ಪಟ್ಟಿಯ ಡಬ್ಬಿ

“ಕೆಂಪು ಪಟ್ಟಿ ಕಾಣಲಿಲ್ಲೇನ್ರಿ ನಿಮಗ?”

ಸುಧಾರಾಣಿ ಲ್ಯಾಬಿನ ಬಾಗಿಲಲ್ಲೇ ನಿಂತು ಕೇಳಿದಳು. ನನ್ನ ಹನ್ನೊಂದು ಮಿಸ್ಡ್ ಕಾಲ್ ನೋಡಿ, ತನ್ನೂರು ಎಮ್ಮಿಗನೂರಿನಿಂದ ಎರಡು ಬಸ್ಸು ಹತ್ತಿ ಹೊಸಪೇಟೆಗೆ ಓಡಿ ಬಂದಿದ್ದಳು. ಬೆವರಿಗೆ ಹಣೆಯ ಮೇಲೊಂದು ಕೂದಲು ಅಂಟಿತ್ತು. ನನಗೆ ಆ ಕೂದಲು ಕಂಡಿತು, ಅವಳಿಗೆ ನನ್ನ ಮುಂದಿದ್ದ ಒದ್ದೆ ಗೋಣಿಚೀಲ ಕಂಡಿತು. ಕೆಂಪು ಪಟ್ಟಿಯ ಡಬ್ಬಿ ಅದರೊಳಗಿತ್ತು. ಅವಳ ಎರಡು ವರ್ಷದ ದುಡಿಮೆ.

ನಾನು ಮೌನೇಶ, ಹೊಸಪೇಟೆಯ ಕಾಲೇಜೊಂದರ ಲ್ಯಾಬಿನಲ್ಲಿ ಅಟೆಂಡರ್. ಅದಕ್ಕೂ ಮೊದಲು ಸಂಡೂರಿನ ಮ್ಯಾಂಗನೀಸ್ ಗಣಿಯಲ್ಲಿದ್ದೆ. ವಯಸ್ಸು ನಲವತ್ತಾರು, ಓದಿದ್ದು ಊರ ಶಾಲೆಯಲ್ಲಿ ಏಳನೆಯವರೆಗೆ, ಹೆಂಡತಿ ತೀರಿಕೊಂಡು ಒಂಬತ್ತು ವರ್ಷ. ಸುಧಾರಾಣಿ ಅಲ್ಲಿ ಸಂಶೋಧನೆ ಮಾಡುತ್ತಿದ್ದಳು. ನಲವತ್ತಾದರೂ ಮದುವೆಯಾಗಿರಲಿಲ್ಲ. ಕಾಲೇಜಿನ ಗಂಡಸರಿಗೆಲ್ಲ ಅಣ್ಣ ಎನ್ನುತ್ತಿದ್ದವಳು ನನ್ನನ್ನು ಮಾತ್ರ ಹೆಸರು ಹಿಡಿದು ಕರೆಯುತ್ತಿದ್ದಳು. ಅದನ್ನು ನಾನು ಗಮನಿಸಿರಲಿಲ್ಲ ಎಂದರೆ ಸುಳ್ಳು.

ನಾನು ಗಾಜು ತೊಳೆಯುವಾಗ ಅವಳು ಮಾತಾಡುತ್ತಿದ್ದಳು. ಕೇಳುವವರು ಬೇರೆ ಯಾರೂ ಇರಲಿಲ್ಲ. ಕಮಲಾಪುರದ ಕಡೆ ಬಾಳೆಗೆ ಬೀಳುವ ಸೊರಗು ರೋಗಕ್ಕೆ ಮಣ್ಣಿನೊಳಗಿನ ಶಿಲೀಂಧ್ರ ಕಾರಣ. ಅದು ಸಾಯಬೇಕು, ಔಷಧಿ ಹೊಡೆಯುವ ಮನುಷ್ಯನಿಗೆ ಮಾತ್ರ ಏನೂ ಆಗಬಾರದು. ಅದಕ್ಕೇ ಅವಳು ಶಿಲೀಂಧ್ರಗಳ ಬಳಗದ್ದೇ ಆದ ಯೀಸ್ಟ್ ಹಿಡಿದು ಕುಳಿತಿದ್ದಳು.

ಜೀವಕೋಶದೊಳಗೆ ದಾರದ ಹಾಗೆ ಒಂದು ಸಂದೇಶ ಹೊರಡುತ್ತದಂತೆ, ಮೆಸೆಂಜರ್ ಆರ್‌ಎನ್‌ಎ. ತಲೆ ಬರಿದಾಗಿದ್ದರೆ ಕೋಶವೇ ಅದನ್ನು ತಿಂದುಹಾಕುತ್ತದೆ. ಹಾಗಾಗಿ ದಾರ ಇನ್ನೂ ತಯಾರಾಗುತ್ತಿರುವಾಗಲೇ ಅದರ ತಲೆಗೆ ಟೊಪ್ಪಿಗೆ ಬೀಳಬೇಕು. ಮೊದಲ ಕಿಣ್ವ ತುದಿಯ ಮೂರು ಫಾಸ್ಫೇಟಿನಲ್ಲಿ ಒಂದನ್ನು ಕತ್ತರಿಸುತ್ತದೆ. ಎರಡನೆಯದು ಟೊಪ್ಪಿಗೆಯನ್ನು ಮೊದಲು ತನ್ನ ಮೈಗೇ ಅಂಟಿಸಿಕೊಂಡು, ಆಮೇಲೆ ದಾರದ ತಲೆಗೆ ದಾಟಿಸುತ್ತದೆ. ಮೂರನೆಯದು ಅದರ ಮೇಲೆ ಗುರುತು ಒತ್ತುತ್ತದೆ.

ಮನುಷ್ಯನಲ್ಲಿ ಮೊದಲೆರಡು ಕೆಲಸವನ್ನು ಒಂದೇ ಪ್ರೋಟೀನು ಮಾಡುತ್ತದೆ. ಯೀಸ್ಟಿನಲ್ಲಿ ಎರಡಕ್ಕೂ ಬೇರೆ ಬೇರೆ. ಯೀಸ್ಟಿನ ಮೊದಲನೆಯದಕ್ಕೆ ಮೆಗ್ನೀಸಿಯಮ್ಮೋ ಮ್ಯಾಂಗನೀಸೋ ಇಲ್ಲದೆ ಕತ್ತರಿ ಆಡುವುದಿಲ್ಲ. ನಮ್ಮಲ್ಲಿ ಆ ಕತ್ತರಿಗೆ ಲೋಹ ಬೇಕಿಲ್ಲ. ಔಷಧಿ ಹುಡುಕಬೇಕಾದದ್ದು ಈ ವ್ಯತ್ಯಾಸದಲ್ಲಿ ಎನ್ನುತ್ತಿದ್ದಳು.

“ನಮ್ಮ ಗುಡ್ಡದ ಮ್ಯಾಂಗನೀಸೇನ್ರಿ?” ಎಂದು ಕೇಳಿದ್ದೆ.

“ನೀವು ಬುಟ್ಟಿಗಟ್ಲೆ ಹೊತ್ತೀರಿ. ಇದು ಕಣ್ಣಿಗೆ ಕಾಣದಷ್ಟು ಹೊರತೈತಿ. ಅಷ್ಟ ಫರಕು.”

ಹಾಗೆಂದು ನನ್ನ ಕೈ ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ, ನಾನು ತೊಳೆದಿಟ್ಟ ಫ್ಲಾಸ್ಕನ್ನೇ ಮತ್ತೆ ತೊಳೆದೆ.

ಇನ್ನೊಂದು ಜಾತಿಯ ಯೀಸ್ಟಿನಲ್ಲಿ ಆ ಎರಡು ಕಿಣ್ವಗಳು ಒಂದನ್ನೊಂದು ಮುಟ್ಟುವುದೇ ಇಲ್ಲವಂತೆ. ಒಂದೇ ಯಂತ್ರಕ್ಕೆ ಬೇರೆ ಬೇರೆಯಾಗಿ ಜೋತುಬಿದ್ದು ಕೆಲಸ ಮುಗಿಸುತ್ತವಂತೆ. ಇದನ್ನು ಹೇಳುತ್ತಾ ಅವಳು ಕಿಟಕಿಯ ಕಡೆ ತಿರುಗಿದಳು. ನಾನು ನಲ್ಲಿ ನಿಲ್ಲಿಸಿದೆ.

ಅವಳ ಯೀಸ್ಟಿನಲ್ಲಿ ಮಾತ್ರ ಎರಡೂ ಒಂದನ್ನೊಂದು ಹಿಡಿದುಕೊಂಡೇ ಇರುತ್ತವೆ. ಹಿಡಿದುಕೊಂಡಿದ್ದರೆ ಎರಡನೆಯದು ಬಿಸಿ ತಾಳುತ್ತದೆ, ಒಂಟಿಯಾದರೆ ಕೆಡುತ್ತದೆ. ಒಂಟಿಯಾದ ಎರಡನೆಯದಕ್ಕೆ ಒಂದು ಡಬ್ಬಿ, ಜೋಡಿಗೆ ಕೆಂಪು ಪಟ್ಟಿಯ ಡಬ್ಬಿ. ಶನಿವಾರ ಎರಡನ್ನೂ ಪುಣೆಯ ದೊಡ್ಡ ಲ್ಯಾಬಿಗೆ ಒಯ್ಯಬೇಕಿತ್ತು. ಹೋದರೆ ಒಂದು ವರ್ಷ ಅಲ್ಲೇ. ಒಂದು ಡಬ್ಬಿ ಕೆಟ್ಟರೂ ಹೋಗುವಂತಿಲ್ಲ, ಹೊಸಪೇಟೆಯಲ್ಲೇ ಉಳಿಯುತ್ತಾಳೆ.

ಗುರುವಾರ ಬೆಳಿಗ್ಗೆ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಏಪ್ರಿಲ್ ತಿಂಗಳು, ಹನ್ನೊಂದಕ್ಕೆಲ್ಲ ಹಳೆಯ ಫ್ರಿಜ್ಜಿನ ಕೆಳಗೆ ನೀರು ಹರಿಯಿತು. ಅವ್ವನನ್ನು ನೋಡಲು ಊರಿಗೆ ಹೋಗಿದ್ದ ಅವಳು ಫೋನು ಎತ್ತಲಿಲ್ಲ. ಫ್ರಿಜ್ಜಿನ ಮುಂದೆ ನಿಂತೆ. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಕರೆಂಟು ಹೋದದ್ದಕ್ಕೆ ಅಟೆಂಡರನ್ನು ಯಾರು ದೂರುತ್ತಾರೆ? ಅವಳು ಇಲ್ಲೇ ಇರುತ್ತಿದ್ದಳು. ನಾನು ಹಾಗೆ ನಿಂತೆ ಕೂಡ. ಎಷ್ಟು ಹೊತ್ತೋ ತಿಳಿಯದು, ಆ ಹೊತ್ತಿನ ಬಗ್ಗೆ ನನಗೆ ಇವತ್ತಿಗೂ ನಾಚಿಕೆ.

ಆಮೇಲೆ ಬೈಕು ಹತ್ತಿ ಡ್ಯಾಮಿನ ಹತ್ತಿರ ಮೀನು ಮಾರುವ ಜಂಬಕ್ಕನ ಬಳಿ ಹೋದೆ. ಐಸ್ ಕೇಳಿದ್ದಕ್ಕೆ ಅವಳು ನನ್ನನ್ನು ಮೇಲೆ ಕೆಳಗೆ ನೋಡಿದಳು.

“ಮೀನು ಬ್ಯಾಡ, ಬರೇ ಐಸ್ ಬೇಕಾ? ಯಾರನ್ನ ತಣ್ಣಗ ಇಡಾಕೋ ಮೌನೇಶ?”

ಅವಳಲ್ಲಿ ಉಳಿದಿದ್ದ ಐಸು ಒಂದು ಡಬ್ಬಿಗಾಗುವಷ್ಟೇ. ಲ್ಯಾಬಿಗೆ ಬಂದು ಒಂಟಿಯ ಡಬ್ಬಿಯನ್ನು ಅದರಲ್ಲಿ ಹೂತೆ. ಕೆಂಪು ಪಟ್ಟಿಯದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿಗಿಟ್ಟೆ.

ಸುಧಾರಾಣಿ ಬಂದು ನೋಡಿದ್ದು ಅದನ್ನೇ. ಬೆಲೆಬಾಳುವುದನ್ನು ಗೋಣಿಗೆ ಹಾಕಿ ಅಷ್ಟು ಬೆಲೆಯಿಲ್ಲದ್ದನ್ನು ಐಸಿಗಿಟ್ಟಿದ್ದೀರಿ ಎಂದು ಬೈದಳು. ನಾನು ಬಾಯಿ ತೆರೆದರೂ ಬಿಡಲಿಲ್ಲ.

“ತೊಳಿಯೋದು ಬಿಟ್ರ ನಿಮಗೇನ್ ತಿಳಿತೈತಿ?”

ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

“ಒಂಟಿ ಇದ್ದದ್ದು ಬಿಸಿ ತಡಿಯಂಗಿಲ್ಲ, ಜೋಡಿ ತಡಿತೈತಿ ಅಂದೋರು ಯಾರ್ರಿ? ನಾನಾ? ಎರಡು ವರ್ಷ ನೀವು ಗೋಡಿ ಮುಂದ ಮಾತಾಡಿದ್ರೇನು?”

ಅವಳು ಗೋಣಿ ನೋಡಿದಳು, ಐಸ್ ನೋಡಿದಳು, ಕಡೆಗೆ ನನ್ನ ಮುಖ ನೋಡಿದಳು, ಹೊಸಬನನ್ನು ನೋಡಿದ ಹಾಗೆ.

ಮೂರೂವರೆಗೆ ಕರೆಂಟು ಬಂತು. ಅವಳು ಪರೀಕ್ಷೆಗೆ ಕುಳಿತಳು. ಕಿಣ್ವ ಜೀವಂತವಾಗಿದ್ದರೆ ಹಳದಿ ದ್ರಾವಣ ಹಸಿರಾಗುತ್ತದೆ. ಒಂಟಿಯದು ಹಸಿರಾಯಿತು. ಜೋಡಿಯದಕ್ಕೆ ಕಾಯುವಾಗ ಅವಳ ಮೊಣಕೈ ನನ್ನ ತೋಳಿಗೆ ತಾಗಿತ್ತು, ತೆಗೆಯಲಿಲ್ಲ. ಅದೂ ಹಸಿರಾಯಿತು.

ಅವಳು ನಗಲಿಲ್ಲ. ಸ್ಟೂಲನ್ನು ನನ್ನ ಕಡೆ ತಿರುಗಿಸಿ ಕುಳಿತಳು.

“ಕೆಟ್ಟಿದ್ರ ನಾನು ಹೋಗತಿದ್ದಿಲ್ಲ. ಗೊತ್ತಿತ್ತೇನು ನಿಮಗ?”

“ಗೊತ್ತಿತ್ತು.”

“ಮತ್ತ ಯಾಕ ಉಳಿಸಿದ್ರಿ?”

ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ.

“ಕೆಡ್ಲಿ ಅಂತ ಸ್ವಲ್ಪ ಹೊತ್ತು ನಿಂತಿದ್ದೆ. ಸುಳ್ಳ್ಯಾಕ ಹೇಳ್ಲಿ? ಆಮ್ಯಾಲ ಅನಿಸ್ತು, ನಿಮ್ಮ ಕೆಲಸ ಕೆಡಿಸಿ ನಿಮ್ಮನ್ನ ಇಟಗಂಡ್ರ, ದಿನಾ ನಿಮ್ಮ ಮುಖ ಹೆಂಗ ನೋಡ್ಲಿ? ನೀವಂದ್ರ ನನಗ ಭಾಳ ಬೇಕ್ರಿ. ಅದಕ್ಕ ಹೋಗ್ರಿ.”

ಅವಳು ಕೈಗವಸನ್ನು ಒಂದೊಂದೇ ಬೆರಳಿನಿಂದ ಬಿಡಿಸಿದಳು. ಬರಿಗೈಯನ್ನು ನನ್ನ ಕೈಮೇಲಿಟ್ಟಳು. ಗಣಿಯಲ್ಲಿ ಗಟ್ಟಿಯಾದ ಚರ್ಮದ ಮೂಲಕವೂ ಆ ಕೈಯ ಬಿಸಿ ತಿಳಿಯಿತು.

“ಮೀನಿನ ವಾಸನಿ ಬರತೈತಿ,” ಎಂದಳು.

“ತೊಳಕಂಡು ಬರ್ಲಾ?”

“ಬ್ಯಾಡ, ಇರ್ಲಿ.”

ಪುಣೆಯ ಆ ಒಂದು ವರ್ಷವನ್ನು ಇಬ್ಬರೂ ಮನಸ್ಸಿನಲ್ಲೇ ಅಳೆಯುತ್ತಿದ್ದೆವು. ಆಮೇಲೆ ಅವಳೇ, ಸಂಜೆಯ ಕಂಪ್ಲಿ ಬಸ್ಸಿಗೆ ತನ್ನ ಜೊತೆ ಎಮ್ಮಿಗನೂರಿಗೆ ಬರಬೇಕು, ತಾನು ನನಗೆ ಬೇಕು ಎಂಬ ಈ ಮಾತನ್ನು ಅವ್ವನ ಮುಂದೆ ಹೇಳಬೇಕು ಎಂದಳು.

“ನಿಮ್ಮವ್ವ ಬೈದ್ರ?”

“ಬೈತಾಳ. ನಮ್ಮ ಮನ್ಯಾಗ ಎಲ್ಲಾರೂ ಮೊದಲು ಬೈತೀವಿ, ಆಮ್ಯಾಲ ಉಣ್ಣಾಕ ನೀಡ್ತೀವಿ.”

ಅಂಗಿ ಬದಲಿಸಿ ಬರುತ್ತೇನೆ ಎಂದು ಎದ್ದೆ. ಬಸ್ಸು ತಪ್ಪುತ್ತದೆ ಎಂದು ಅವಳು ಕೈ ಬಿಡಲಿಲ್ಲ.