ಪೈಪಣ್ಣನ ಬಗ್ಗಿ ಮತ್ತು ಒಂದು ಸುಳ್ಳು ಚೀಟಿ

ಆ ಬಗ್ಗಿ ಮೇಜಿನ ಮೇಲೆ ಬಂದು ಕೂತಿತೋ ಇಲ್ಲವೋ, ಛೀ ಮೇಡಂ ತನ್ನ ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆ ತಳ್ಳಿದಳು.

"ಥೂ! ಇದೇನ್ರೀ ಇದು? ಸತ್ತಿದೆಯಾ?"

"ಇಲ್ಲ ಮೇಡಂ, ಉಸಿರಾಡ್ತಿದೆ. ಮುಂದಿನ ಚಕ್ರ ಸ್ವಲ್ಪ ಬಿಗಿಯಾಗಿದೆ ಅಷ್ಟೆ."

"ಅದು ಉಸಿರಾಡ್ತಿರೋದಕ್ಕೇ ನನಗೆ ಉಸಿರಾಡೋಕಾಗ್ತಿಲ್ಲ."

ಗಾಡಿ ತಂದವನು ನಕ್ಕ. ನಗುವಾಗ ಅವನ ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತಿತ್ತು. ಆ ಗುಳಿಯ ಪಕ್ಕದಲ್ಲೇ ಒಂದು ಕೆಸರಿನ ಚುಕ್ಕೆ ಒಣಗಿತ್ತು. ಗುಳಿಯನ್ನು ನೋಡಬೇಕೆಂದರೆ ಚುಕ್ಕೆಯನ್ನೂ ನೋಡಬೇಕು. ಎಂಥ ಕರ್ಮ!

ಬಗ್ಗಿ ಅಂದರೆ ಮೊಳದುದ್ದದ ಆಟದ ರೇಸ್ ಗಾಡಿ. ರಿಮೋಟಿನಲ್ಲಿ ಓಡುವಂಥದ್ದು, ನಾಲ್ಕೂ ಚಕ್ರಕ್ಕೆ ಮೋಟಾರಿನ ಬಲ ಹೋಗುವಂಥದ್ದು. ಚಕ್ರಗಳಿಗೆ ಯಾರದೋ ತಲೆಗೂದಲು ಸುತ್ತಿಕೊಂಡಿತ್ತು. ಕೂದಲಿಗೆ ಕಪ್ಪು ಲೋಳೆ ಮೆತ್ತಿತ್ತು. ಲೋಳೆಯಲ್ಲಿ ಹಲ್ಲುಜ್ಜುವ ಬ್ರಷ್ಷಿನ ಅರ್ಧ ತುಂಡೊಂದು ಸಿಕ್ಕಿಕೊಂಡಿತ್ತು.

ಹೇಳಿ ಕೇಳಿ ಅವಳು ತೊಳೆದ ಲೋಟವನ್ನೇ ಮತ್ತೆ ತೊಳೆದು ನೀರು ಕುಡಿಯುವವಳು. ಸೋದರಮಾವನ ಆಟದ ಗಾಡಿಗಳ ಅಂಗಡಿಯಲ್ಲಿ ರಿಪೇರಿ ಮೇಜು ಅವಳದು. ಅಂಗಡಿಯ ಹಿಂದೆ ಮಣ್ಣಿನ ಟ್ರ್ಯಾಕ್, ಪ್ರತಿ ಭಾನುವಾರ ಅಲ್ಲಿ ಕ್ಲಬ್ಬಿನ ರೇಸು. ಯಾರ ಗಾಡಿ ಬಂದರೂ ಅವಳ ಬಾಯಿಂದ ಹೊರಡುವ ಮೊದಲ ಮಾತು "ಛೀ". ಹಾಗಾಗಿ ಕ್ಲಬ್ಬಿನವರೆಲ್ಲ ಸೇರಿ ಅದನ್ನೇ ಅವಳ ಹೆಸರು ಮಾಡಿದ್ದರು. ಅವನು ಊರಿನ ಪೈಪು ರಿಪೇರಿಯವನು, ಆದ್ದರಿಂದ ಪೈಪಣ್ಣ.

ಅವಳ ಮೇಜಿಗೊಂದು ಪದ್ಧತಿಯಿತ್ತು. ರಿಪೇರಿಯಾದ ಪ್ರತಿ ಗಾಡಿಗೂ ಒಂದು ಚೀಟಿ ಕಟ್ಟಬೇಕು. ಏನಾಗಿತ್ತು, ಯಾಕಾಯಿತು, ಏನು ಮಾಡಿದೆ ಅಂತ ಮೂರೇ ಸಾಲು. ಆ ಚೀಟಿಯೆಂದರೆ ಇಡೀ ಕ್ಲಬ್ಬಿಗೆ ನಂಬಿಕೆ. ಅವಳು "ಸರಿಯಿದೆ" ಎಂದು ಬರೆದರೆ ಸರಿಯಿದೆ, ಮತ್ತೆ ಬಿಚ್ಚಿ ನೋಡುವ ಮಾತೇ ಇಲ್ಲ.

ಅವತ್ತು ಪೈಪಣ್ಣನ ಗಾಡಿಗೆ ಕಟ್ಟಿದ ಚೀಟಿಯಲ್ಲಿ ಹೀಗಿತ್ತು: "ಏನಾಗಿತ್ತು: ಬೇರಿಂಗ್ ಬಿಗಿ. ಯಾಕಾಯಿತು: ಮಾಲೀಕ. ಏನು ಮಾಡಿದೆ: ಎರಡು ಸಲ ವಾಂತಿ ತಡೆದುಕೊಂಡೆ."

ಅವನು ಅದನ್ನು ಓದಿ, ನೀಟಾಗಿ ಮಡಚಿ, ಜೇಬಿಗೆ ಹಾಕಿಕೊಂಡ.

"ಅದನ್ಯಾಕೆ ಇಟ್ಕೋತೀರಾ? ಬಿಸಾಕಿ."

"ಎಲ್ಲಾ ಇಟ್ಕೊಂಡಿದ್ದೀನಿ ಮೇಡಂ. ಇದು ಹದಿನೇಳನೇದು."

"ಛೀ," ಎಂದಳು. ಈ ಸಲ ಯಾಕೋ ಅದಕ್ಕೆ ಬೇಕಾದಷ್ಟು ಖಾರ ಹತ್ತಲಿಲ್ಲ.

ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿದ್ದುದು ಬೇರೆ ವಿಷಯಕ್ಕೆ. ಪಳಪಳ ಹೊಳೆಯುವ ಗಾಡಿಗಳು ವಾರಕ್ಕೊಂದು ಕೈಕಾಲು ಮುರಿದುಕೊಂಡು ಬರುತ್ತಿದ್ದವು. ಈ ಗಲೀಜು ಗಾಡಿ ಒಂದು ವರ್ಷದಲ್ಲಿ ಚಕ್ರ ಹಿಡಿದಿಡುವ ಒಂದೇ ಒಂದು ತೋಳನ್ನೂ ಮುರಿದುಕೊಂಡಿರಲಿಲ್ಲ. ಗೋಡೆಗೆ ಬಡಿಯಿತು, ಆಳೆತ್ತರದಿಂದ ಬಿತ್ತು, ಮಗುಚಿ ಮೂರು ಪಲ್ಟಿ ಹೊಡೆಯಿತು. ಎತ್ತಿ ನಿಲ್ಲಿಸಿದರೆ ಮತ್ತೆ ಓಡಿತು! ಮೂತಿಗೆ ಅವನು ಪ್ಲಾಸ್ಟಿಕ್ ಪೈಪನ್ನೇ ಸೀಳಿ, ಬಿಸಿ ಮಾಡಿ ಬಗ್ಗಿಸಿ, ಬಂಪರ್ ಕಟ್ಟಿದ್ದ. ನೋಡುವುದಕ್ಕೆ ಅಸಹ್ಯ. ಆದರೆ ಬಡಿತವನ್ನೆಲ್ಲ ಅದೇ ನುಂಗುತ್ತಿತ್ತು.

ತಿರುವಿನಲ್ಲಂತೂ ಕೇಳಲೇಬೇಡಿ. ಬೇರೆಯವರ ಗಾಡಿಗಳು ತಿರುವು ಬಂದರೆ ಹಿಂಭಾಗ ಜಾರಿಸಿ ಮಣ್ಣೆರಚುತ್ತಿದ್ದವು. ಇದು ನಾಲ್ಕೂ ಚಕ್ರದಿಂದ ನೆಲ ಕಚ್ಚಿಕೊಂಡು, ಗೆರೆ ಎಳೆದ ಹಾಗೆ ತಿರುಗುತ್ತಿತ್ತು. ಭಾನುವಾರ ಅವಳು ಕಿಟಕಿ ಒರೆಸುವ ನೆಪ ಮಾಡಿಕೊಂಡು ಅದನ್ನು ನೋಡುತ್ತಿದ್ದಳು. ಆ ಕಿಟಕಿಯಷ್ಟು ಶುಭ್ರವಾದ ಕಿಟಕಿ ಆ ರಸ್ತೆಯಲ್ಲಿ ಇನ್ನೊಂದಿರಲಿಲ್ಲ.

ಒಂದು ಸಂಜೆ ಅವನೇ ರಿಮೋಟ್ ಚಾಚಿದ. "ಒಂದು ರೌಂಡ್ ಓಡಿಸಿ ನೋಡಿ ಮೇಡಂ."

ಅವಳು ರಿಮೋಟಿಗೆ ಸ್ಪಿರಿಟ್ ಹಾಕಿ ಮೂರು ಸಲ ಒರೆಸಿದಳು. ಅವನು ಕೈಕಟ್ಟಿ ಕಾದ, ಬೇಜಾರು ಮಾಡಿಕೊಳ್ಳಲಿಲ್ಲ.

"ತಿರುವು ಬಂತು, ಬ್ರೇಕ್ ಹಿಡೀಬೇಡಿ."

"ಬೀಳುತ್ತೆ ರೀ!"

"ಬೀಳಲ್ಲ. ಹೆದರಿ ಬಿಟ್ರೇ ಬೀಳೋದು. ಸ್ವಲ್ಪ ಜಾಸ್ತಿ ಸ್ಪೀಡ್ ಕೊಡಿ. ಮುಂದಿನ ಚಕ್ರ ಎಳ್ಕೊಂಡು ಹೋಗುತ್ತೆ, ಹಿಂದಿನದು ತಳ್ಳುತ್ತೆ. ನಂಬಿ."

ಅವಳು ರಿಮೋಟಿನ ಟ್ರಿಗರ್ ಒತ್ತಿದಳು. ಬಗ್ಗಿ ತಿರುವನ್ನು ಸವರಿಕೊಂಡು ಹೋಗಿಬಿಟ್ಟಿತು. ಅವಳ ಬಾಯಿಂದ ಚಿಕ್ಕ ಹುಡುಗಿಯಂತೆ ಒಂದು ಕೂಗು ಹೊರಟಿತು. ತಿರುಗಿ ನೋಡಿದರೆ ಅವನು ಗಾಡಿಯನ್ನು ನೋಡುತ್ತಿರಲಿಲ್ಲ, ಇವಳನ್ನು ನೋಡುತ್ತಿದ್ದ. ಅವಳ ಕಿವಿ ಬಿಸಿಯಾಯಿತು.

ಅಲ್ಲಿಗೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಬಾಯಿ ಅನ್ನುವುದೊಂದಿದೆಯಲ್ಲ.

"ಇಷ್ಟು ಒಳ್ಳೆ ಗಾಡೀನ ಚರಂಡಿಗೆ ಯಾಕ್ರೀ ಬಿಡ್ತೀರಾ? ಆಟಕ್ಕಾ?"

"ಆಟಕ್ಕಲ್ಲ ಮೇಡಂ, ಕೆಲಸಕ್ಕೆ. ಮೇಲೆ ಕ್ಯಾಮೆರಾ ಕಟ್ಟಿ ದೊಡ್ಡ ಪೈಪಿನೊಳಗೆ ಕಳಿಸ್ತೀನಿ. ಎಲ್ಲಿ ಕಟ್ಟಿದೆ, ಎಲ್ಲಿ ಒಡೆದಿದೆ ಅಂತ ಗೊತ್ತಾಗುತ್ತೆ. ಮೊದಲೆಲ್ಲ ನಾನೇ ನುಗ್ತಿದ್ದೆ. ಒಂದ್ಸಲ ಅಲ್ಲೇ ಸಿಕ್ಕಾಕ್ಕೊಂಡು ಅರ್ಧ ಗಂಟೆ... ಬಿಡಿ. ಈಗ ಇದು ಹೋಗುತ್ತೆ."

ಅವಳ ಕಣ್ಣಮುಂದೆ ಕತ್ತಲು ಪೈಪು ಬಂತು, ಲೋಳೆ ಬಂತು, ಅದರಲ್ಲಿ ತೆವಳುವ ಅವನು ಬಂದ. ಬೆನ್ನಲ್ಲೇ ಆ ಮಾತೂ ಜಾರಿಬಿತ್ತು.

"ಅಯ್ಯಪ್ಪಾ, ಛೀ! ಆ ಕೈಯಲ್ಲೇ ಊಟ ಮಾಡ್ತೀರಾ?"

ಅವನ ಕೆನ್ನೆಯ ಗುಳಿ ಮಾಯವಾಯಿತು. ಅವನು ತನ್ನ ಅಂಗೈ ನೋಡಿಕೊಂಡ.

"ತೊಳ್ಕೊಂಡು ಮಾಡ್ತೀನಿ ಮೇಡಂ," ಎಂದ ಮೆಲ್ಲಗೆ. ರಿಮೋಟ್ ತೆಗೆದುಕೊಂಡು ಹೊರಟುಹೋದ.

ಆಮೇಲೆ ಅವನು ಮೇಜಿನ ಹತ್ತಿರ ಸುಳಿಯಲೇ ಇಲ್ಲ. ವರ್ಷದ ಕಪ್ ರೇಸಿಗೆ ಮುನ್ನಾದಿನ, ಶನಿವಾರ, ಗಾಡಿಯನ್ನು ಸೋದರಮಾವನ ಕೈಯಲ್ಲಿ ಒಳಗೆ ಕಳಿಸಿದ.

"ಪೂರ್ತಿ ಬಿಚ್ಚಿ ತೊಳೀಬೇಕಂತೆ ಕಣಮ್ಮ," ಎಂದ ಮಾವ. "ಮೂರು ವರ್ಷದಿಂದ ಎರಡನೇ ಸ್ಥಾನಕ್ಕೇ ನಿಂತುಬಿಟ್ಟಿದ್ದಾನೆ ಪಾಪ. ಈ ಸಲ ಗೆದ್ದೇ ಗೆಲ್ತೀನಿ ಅಂತಿದ್ದ."

ಅವಳು ಗ್ಲೌಸ್ ಹಾಕಿಕೊಂಡಳು, ಬಾಯಿಗೆ ಬಟ್ಟೆ ಕಟ್ಟಿಕೊಂಡಳು. ಮುಂದಿನ ಗೇರ್‌ಬಾಕ್ಸ್ ಬಿಚ್ಚಿ, ತೊಳೆದು, ಹೊಸ ಗ್ರೀಸ್ ತುಂಬಿದಳು. ಹಿಂದಿನದರ ಒಂದು ಸ್ಕ್ರೂ ಸಡಿಲಿಸಿದ್ದೇ ತಡ, ಒಳಗಿಂದ ಕಂದು ಬಣ್ಣದ ನೀರು ಜಿನುಗಿ ಗ್ಲೌಸಿನ ಮೇಲೆ ಹರಿಯಿತು. ಎಂಥ ನಾತ! ಕೊಳೆತ ಮೊಟ್ಟೆಯೂ ನಾಚಬೇಕು. ಬೋಗುಣಿಯತ್ತ ಓಡಿ ಮಧ್ಯಾಹ್ನ ತಿಂದಿದ್ದನ್ನೆಲ್ಲ ಕಕ್ಕಿದಳು.

ವಾಪಸು ಬಂದು ಗಾಡಿಯನ್ನು ದೂರದಿಂದಲೇ ನೋಡಿದಳು. ಚಕ್ರ ತಿರುಗಿಸಿದರೆ ಸಲೀಸಾಗಿಯೇ ತಿರುಗುತ್ತಿತ್ತು. ಒಂದು ದಿನದ ಮಾತು, ಏನಾಗುತ್ತದೆ ಮಹಾ? ಸಡಿಲಿಸಿದ ಸ್ಕ್ರೂವನ್ನು ಮತ್ತೆ ಬಿಗಿದಳು. ಚೀಟಿ ಬರೆದಳು: "ಎರಡೂ ಗೇರ್‌ಬಾಕ್ಸ್ ಬಿಚ್ಚಿ ತೊಳೆದಿದೆ. ಸರಿಯಿದೆ."

ಅದು ಅವಳ ಜೀವನದ ಮೊದಲ ಸುಳ್ಳು ಚೀಟಿ. ಆ ರಾತ್ರಿ ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಕೈ ವಾಸನೆ ಹೋಗಲಿಲ್ಲ.

ಭಾನುವಾರ ಅವಳು ಕಿಟಕಿಯ ನೆಪವನ್ನೂ ಬಿಟ್ಟು ಟ್ರ್ಯಾಕಿನ ಅಂಚಿಗೇ ಹೋಗಿ ನಿಂತಳು. ಹದಿನೈದು ಸುತ್ತಿನ ರೇಸು. ಹನ್ನೆರಡನೇ ಸುತ್ತಿಗೆ ಪೈಪಣ್ಣ ಅರ್ಧ ಸುತ್ತು ಮುಂದಿದ್ದ. ಹದಿಮೂರನೆಯದರಲ್ಲಿ, ದೊಡ್ಡ ತಿರುವಿನ ನಟ್ಟನಡುವೆ, ಹಿಂದಿನ ಚಕ್ರಗಳು ಕಿರ್ರೆಂದು ಕಚ್ಚಿಕೊಂಡವು. ಬಗ್ಗಿ ಗಾಳಿಗೆ ಹಾರಿ, ಮಗುಚಿ, ಬೇಲಿಗೆ ಬಡಿದು ಬಿತ್ತು. ಅಲುಗಲಿಲ್ಲ.

ಟ್ರ್ಯಾಕಿಗೊಂದು ನಿಯಮವಿದೆ. ತನ್ನ ರೇಸು ಮುಗಿಸಿದವನು ಅವತ್ತಿನ ಮುಂದಿನ ರೇಸಿನಲ್ಲಿ ತಿರುವಿನ ಹತ್ತಿರ ನಿಂತು, ಮಗುಚಿದ ಗಾಡಿಗಳನ್ನು ಎತ್ತಿ ನಿಲ್ಲಿಸಬೇಕು. ಸೋತವನಾದರೂ ಬಿಡುವ ಹಾಗಿಲ್ಲ. ಪೈಪಣ್ಣ ತನ್ನ ಸತ್ತ ಗಾಡಿಯನ್ನು ಬೆಂಚಿನ ಮೇಲಿಟ್ಟು, ಅದೇ ತಿರುವಿನಲ್ಲಿ ನಿಂತು, ಕಂಡವರ ಗಾಡಿಗಳನ್ನೆಲ್ಲ ಎತ್ತಿ ಎತ್ತಿ ನಿಲ್ಲಿಸಿದ. ಅದನ್ನು ನೋಡಲಾಗದೆ ಅವಳು ಮುಖ ತಿರುಗಿಸಿದಳು.

ಅವನು ವಾಪಸು ಬರುವಷ್ಟರಲ್ಲಿ ಬೆಂಚಿನ ಸುತ್ತ ಜನ ಸೇರಿದ್ದರು. ಕ್ಲಬ್ಬಿನ ಸೆಕ್ರೆಟರಿ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡಿದ್ದ.

"ನೋಡಪ್ಪ, ಚರಂಡೀಲಿ ಓಡೋ ಗಾಡಿಗೆ ರೇಸ್ ಯಾಕೆ? ಗಲೀಜು ತುಂಬ್ಕೊಂಡು ಜಾಮ್ ಆಗಿದೆ. ಬೇರೆಯವರಿಗೂ ತೊಂದರೆ. ಇನ್ಮೇಲೆ ಈ ಗಾಡಿ ಇಲ್ಲಿಗೆ ಬೇಡ. ನೀನೂ ಸ್ವಲ್ಪ ದಿನ ಬರಬೇಡ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಪೈಪಣ್ಣ ಚೀಟಿಯ ಮಾತೆತ್ತಲಿಲ್ಲ. ಅವಳ ಕಡೆ ನೋಡಲೂ ಇಲ್ಲ. "ಆಯ್ತು ಸಾರ್," ಎಂದು ಗಾಡಿಗೆ ಕೈಹಾಕಿದ.

ಅವಳಿಗೆ ಒಳಗಿನಿಂದ ವಾಕರಿಕೆ ಉಕ್ಕಿಬಂತು. ಈ ಸಲ ಗಾಡಿಯ ಮೇಲಲ್ಲ. ಅವನ ಕೆಸರು ಸೋಪು ಹಾಕಿದರೆ ಹೋಗುತ್ತದೆ. ಇವಳದ್ದು? ನಾಲ್ಕು ಜನರೆದುರು ಬಾಯಿಗೆ ಬೀಗ ಹಾಕಿಕೊಂಡು ನಿಂತ ಈ ನಾಜೂಕು ಮೂತಿಯನ್ನು ಯಾವ ಸೋಪಿನಲ್ಲಿ ತೊಳೆಯುವುದು? ತನ್ನ ಮೇಲೆ ತನಗೇ ಥೂ ಎನಿಸಿತು.

"ನಿಲ್ಲಿ," ಎಂದಳು.

ಗುಂಪನ್ನು ಸರಿಸಿ ಬಂದು, ಸ್ಕ್ರೂ ಡ್ರೈವರ್ ತೆಗೆದು, ಬೆಂಚಿನ ಮೇಲೆಯೇ ಹಿಂದಿನ ಗೇರ್‌ಬಾಕ್ಸ್ ಬಿಚ್ಚತೊಡಗಿದಳು.

"ಮೇಡಂ, ಗ್ಲೌಸ್," ಎಂದ ಅವನು, ತಡೆಯಲಾರದೆ.

"ಬೇಡ."

ಮುಚ್ಚಳ ತೆರೆಯಿತು. ಸೆಕ್ರೆಟರಿ ಎರಡು ಹೆಜ್ಜೆ ಹಿಂದೆ ಹಾರಿದ. ಅವಳು ಬರಿಗೈಯಲ್ಲೇ ಒಳಗಿನ ಕೂದಲು, ಕೊಳೆ, ಪುಡಿಯಾದ ಬೇರಿಂಗ್ ಎಲ್ಲವನ್ನೂ ಕಿತ್ತು ಬೆಂಚಿನ ಮೇಲೆ ಹಾಕಿದಳು. ಕಣ್ಣಲ್ಲಿ ನೀರು ಬಂತು. ಅದು ನಾತಕ್ಕೂ ಹೌದು, ಅದೊಂದಕ್ಕೇ ಅಲ್ಲ.

"ಎಲ್ಲರೂ ನೋಡಿ. ಇದನ್ನ ನಿನ್ನೆ ನಾನು ಬಿಚ್ಚಿ ತೊಳೀಬೇಕಿತ್ತು. ತೊಳೀಲಿಲ್ಲ. ಅಸಹ್ಯ ಅಂತ ಹಾಗೇ ಬಿಟ್ಟೆ. ತೊಳೆದಿದ್ದೀನಿ ಅಂತ ಚೀಟಿಯಲ್ಲಿ ಸುಳ್ಳು ಬರೆದೆ. ತಪ್ಪು ಇವರದ್ದಲ್ಲ, ಗಾಡೀದೂ ಅಲ್ಲ. ಬರಬೇಡ ಅಂತ ಹೇಳೋದಿದ್ರೆ ನನಗೆ ಹೇಳಿ."

ಸೋದರಮಾವ ತಲೆ ತಗ್ಗಿಸಿದ. ಅವಳು ಜೇಬಿನಿಂದ ಹೊಸ ಚೀಟಿ ತೆಗೆದು, ಕೊಳಕು ಕೈಯಲ್ಲೇ ಬರೆದು ಗಾಡಿಗೆ ಕಟ್ಟಿದಳು. "ಏನಾಗಿತ್ತು: ಹಿಂದಿನ ಗೇರ್‌ಬಾಕ್ಸ್ ಜಾಮ್. ಯಾಕಾಯಿತು: ಮೆಕ್ಯಾನಿಕ್."

ಸೆಕ್ರೆಟರಿ ಅದನ್ನು ಎರಡು ಸಲ ಓದಿ ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ... ಮುಂದಿನ ವಾರ ಗಾಡಿ ತೊಳ್ಕೊಂಡು ತಗೊಂಡ್ ಬಾರಪ್ಪ," ಎಂದು ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ನಡೆದ. ಗೆದ್ದವರಿಗೆ ಕೊಡುವ ಕಪ್ ಬೇರೆಯವನ ಪಾಲಾಗಿತ್ತು, ಅದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ.

ಜನ ಚದುರಿದ ಮೇಲೆ ಇಬ್ಬರೂ ಅಂಗಡಿಯ ಹಿಂದಿನ ನಲ್ಲಿಯ ಹತ್ತಿರ ಬಂದರು. ಅವಳು ತಲೆಯೆತ್ತಲಿಲ್ಲ.

"ಬೈಯಿರಿ," ಎಂದಳು.

"ನಂಗೆ ಬೆಳಿಗ್ಗೇನೇ ಗೊತ್ತಿತ್ತು."

"ಏನು?"

"ಹಿಂದಿನ ಸ್ಕ್ರೂಗಳ ಮೇಲೆ ಕೆಸರು ಹಾಗೇ ಇತ್ತು. ಒಂದರ ಮೇಲೆ ಮಾತ್ರ ಇರಲಿಲ್ಲ."

ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ಗೊತ್ತಿದ್ದೂ ಯಾಕ್ರೀ ಓಡಿಸಿದ್ರಿ? ಮೂರು ವರ್ಷದಿಂದ ಕಾದಿದ್ರಲ್ಲ!"

"ನೀವು ಸರಿಯಿದೆ ಅಂತ ಬರೆದಿದ್ರಿ. ನಿಮ್ಮ ಚೀಟಿ ಯಾವತ್ತೂ ಸುಳ್ಳು ಹೇಳಿರಲಿಲ್ಲ. ನನ್ನ ಕಣ್ಣೇ ತಪ್ಪು ನೋಡಿರಬೇಕು ಅಂದ್ಕೊಂಡೆ."

ಇದಕ್ಕಿಂತ ಎರಡೇಟು ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಬಿಕ್ಕಿದಳು. ಕಣ್ಣೊರೆಸಿಕೊಳ್ಳೋಣವೆಂದರೆ ಕೈ ತುಂಬ ಚರಂಡಿ.

ಅವನು ನಲ್ಲಿ ತಿರುಗಿಸಿದ. ಆಗ ಅವಳು ಮೊದಲ ಸಲ ಅವನು ಕೈ ತೊಳೆಯುವುದನ್ನು ನೋಡಿದಳು. ಮೊಣಕೈವರೆಗೆ ಸೋಪು. ಬೆರಳ ಸಂದು, ಉಗುರಿನ ಅಡಿ, ಮಣಿಕಟ್ಟು. ತೊಳೆದು, ಮತ್ತೆ ಸೋಪು. ಮತ್ತೆ ತೊಳೆದು, ಮೂರನೇ ಸಲ ಸೋಪು. ಇವಳೇ ತೊಳೆದಿದ್ದರೂ ಇಷ್ಟು ಶುದ್ಧ ಆಗುತ್ತಿರಲಿಲ್ಲ.

"ದಿನಾ ಹೀಗೇನಾ?"

"ದಿನಾ ಹೀಗೇ. ಊಟಕ್ಕೆ ಮುಂಚೆ." ಅವನು ಕೊಂಕಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದ. ಅದೇ ಅವಳಿಗೆ ನಾಟಿತು.

"ಅವತ್ತು ಅಂದಿದ್ದು... ಕ್ಷಮಿಸಿ."

ಅವನು ಸೋಪನ್ನು ಅವಳ ಕಡೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ, ಎರಡೂ ಕೈಗಳನ್ನು ಅವನ ಮುಂದೆ ಹಿಡಿದಳು. ಅವನು ಒಂದು ಕ್ಷಣ ತಡೆದ. ಆಮೇಲೆ ಅವಳ ಬೆರಳುಗಳನ್ನು ಒಂದೊಂದಾಗಿ ತೊಳೆಯತೊಡಗಿದ. ತಿರುವಿನಲ್ಲಿ ಟ್ರಿಗರ್ ಒತ್ತುತ್ತಿದ್ದನಲ್ಲ, ಅಷ್ಟೇ ಹಗುರವಾಗಿ.

"ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತ ಹದಿನೇಳು ಚೀಟಿಯಿಂದ ಕಾಯ್ತಿದ್ದೀನಿ," ಎಂದ. "ಕಪ್ ಗೆದ್ದು ಕೇಳೋಣ ಅಂತಿದ್ದೆ. ಈಗ ಅದೂ ಇಲ್ಲ. ಬರೀ ಕೈಯಲ್ಲಿ ಕೇಳಲಾ?"

ಅವನ ಕೆನ್ನೆಯಲ್ಲಿ ಆ ಗುಳಿ ಮತ್ತೆ ಬಿದ್ದಿತ್ತು. ಪಕ್ಕದಲ್ಲೇ ಇವತ್ತಿನದೊಂದು ಹೊಸ ಕೆಸರಿನ ಚುಕ್ಕೆ. ಅವಳು ಒದ್ದೆ ಹೆಬ್ಬೆರಳಿನಿಂದ ಅದನ್ನು ಒರೆಸಿದಳು, ಎರಡು ಸಲ.

"ಕೇಳಿ," ಎಂದಳು. "ಕೈ ಚೊಕ್ಕಟ ಇದೆಯಲ್ಲ."